ಎಣ್ಣೆ ಡಬ್ಬಿಯ ಎರಡನೇ ತೂತು

ಮಳೆ ಹಿಂದೆ ಸರಿದು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೆಳಗಾಗುತ್ತಲೇ ‘ಗುಂಯ್’ ಎಂಬ ಸದ್ದು ಏಳುತ್ತದೆ. ಅದು ಜೀರುಂಡೆಯ ಸದ್ದಲ್ಲ. ಕಳೆ ಕೊಚ್ಚುವ ಯಂತ್ರದ್ದು. ಹೆಗಲಿಗೆ ಒಂದು ಪಟ್ಟಿ, ಅದಕ್ಕೆ ತೂಗುಬಿದ್ದ ಉದ್ದನೆಯ ಕೊಳವೆ, ಕೊಳವೆಯ ಹಿಂತುದಿಯಲ್ಲಿ ಪುಟ್ಟ ಪೆಟ್ರೋಲ್ ಎಂಜಿನ್ನು, ಮುಂತುದಿಯಲ್ಲಿ ಗಿರಗಿರ ತಿರುಗುವ ಅಲಗು. ಕೆಲವರು ‘ವೀಡ್ ಕಟ್ಟರ್’ ಎನ್ನುತ್ತಾರೆ, ಕೆಲವರು ‘ಬ್ರಷ್ ಕಟ್ಟರ್’ ಎನ್ನುತ್ತಾರೆ. ಮನೆಮಂದಿಯ ಬಾಯಲ್ಲಿ ಅದು ಬರೀ ‘ಮಷೀನು’. ಕತ್ತಿ ಹಿಡಿದು ತೋಟ ಸವರುವ ಆಳುಗಳು ಸಿಗುವುದು ಕಷ್ಟವಾದ ಮೇಲೆ ಈ ಮಷೀನು ಪಂಪ್‌ಸೆಟ್ಟಿನಷ್ಟೇ ಅಗತ್ಯದ ವಸ್ತುವಾಗಿದೆ.

ಇಂಥದೊಂದು ತೋಟದ ಮನೆಯ ಕತೆ ಇದು. ಯಾವ ಊರಿನದೂ ಆಗಬಹುದು.

ಆ ಮನೆಯ ಯಜಮಾನನಿಗೆ ಆ ವಾರ ತಲೆಬಿಸಿ. ಕೊನೆ ಕೊಯ್ಯಲು ಕೊನೆಗಾರ ಬರುವ ದಿನ ಗೊತ್ತಾಗಿತ್ತು. ಇನ್ನು ಎಂಟೇ ದಿನ. ಅಷ್ಟರಲ್ಲಿ ತೋಟದ ಹುಲ್ಲು ಹೊಡೆಯದಿದ್ದರೆ ಉದುರಿದ ಅಡಿಕೆ ಕಣ್ಣಿಗೆ ಬೀಳುವುದಿಲ್ಲ, ಹೆಕ್ಕುವುದೂ ಆಗುವುದಿಲ್ಲ. ದಿನ ತಪ್ಪಿದರೆ ಕೊನೆಗಾರ ಬೇರೆ ತೋಟಕ್ಕೆ ಹೋಗುತ್ತಾನೆ. ಮತ್ತೆ ಅವನ ಕೈ ಬಿಡುವಾಗುವುದು ಯಾವಾಗಲೋ! ಮಷೀನು ಮಾತ್ರ ಹತ್ತು ನಿಮಿಷ ಓಡುತ್ತದೆ, ಗೊರಗೊರ ಎಂದು ಏದುತ್ತದೆ, ನಿಂತುಬಿಡುತ್ತದೆ. ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ. ಬೇಸತ್ತು ಒಂದು ಲೋಟ ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಬಂದು ಎಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹತ್ತು ನಿಮಿಷ ಓಡುತ್ತದೆ.

ಪಕ್ಕದ ತೋಟದವರು ನೋಡಿ ತೀರ್ಪು ಕೊಟ್ಟರು: “ಕಾಯಿಲ್ ಹೋಗಿದೆ ಮಾರಾಯ. ಬಿಸಿಯಾದ ಕೂಡಲೇ ಕೈಕೊಡುತ್ತೆ. ಹೊಸದು ಹಾಕಿಸು.”

ಪೇಟೆಯ ರಿಪೇರಿ ಅಂಗಡಿಯಲ್ಲಿ ಆಗಲೇ ಮಷೀನುಗಳ ಸಾಲು. ಅಲ್ಲಿ ಕೊಟ್ಟರೆ ವಾಪಸು ಬರಲು ಹತ್ತು ದಿನ. ಯಜಮಾನ ಕೊಟ್ಟಿಗೆಯ ಮೂಲೆಯಲ್ಲಿ ಹಲಗೆ ಹಾಕಿ ಮಾಡಿಕೊಂಡ ತನ್ನ ‘ವರ್ಕ್‌ಶಾಪಿ’ನಲ್ಲಿ ಕುಳಿತ. ಪ್ಲಗ್ ಬದಲಿಸಿದ, ಗಾಳಿ ಸೋಸುವ ಫಿಲ್ಟರ್ ತೊಳೆದ, ಕಾರ್ಬ್ಯುರೇಟರಿನ ಸ್ಕ್ರೂ ಅತ್ತಿತ್ತ ತಿರುಗಿಸಿದ. ಎಲ್ಲವನ್ನೂ ಒಂದೇ ಬೆಳಿಗ್ಗೆ ಮಾಡಿದ. ಮಷೀನು ಹತ್ತೇ ನಿಮಿಷ ಓಡಿತು.

ಒಂಬತ್ತನೇ ತರಗತಿಯ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಪ್ಪಾ, ಮತ್ತೆ ನಿಂತುಹೋಯ್ತಾ?”

“ನೀನು ಹೋಗಿ ಓದ್ಕೊ ಮಾರಾಯ್ತಿ. ನಿನಗ್ಯಾಕೆ ಈ ಎಣ್ಣೆ ಮಸಿ?”

ಬೇಕಾದ್ದು ನಾಲ್ಕೇ

ಪೆಟ್ರೋಲ್ ಎಂಜಿನ್ನು ಎಷ್ಟೇ ಚಿಕ್ಕದಿರಲಿ ದೊಡ್ಡದಿರಲಿ, ಅದು ಓಡಲು ಬೇಕಾದ್ದು ನಾಲ್ಕೇ: ಇಂಧನ, ಗಾಳಿ, ಕಿಡಿ ಮತ್ತು ಸಂಪೀಡನೆ. ಇಂಧನ ಮತ್ತು ಗಾಳಿ ಸರಿಯಾದ ಪ್ರಮಾಣದಲ್ಲಿ ಬೆರೆಯಬೇಕು. ಪಿಸ್ಟನ್ ಆ ಮಿಶ್ರಣವನ್ನು ಅದುಮಬೇಕು. ಅದುಮಿದ ಮಿಶ್ರಣಕ್ಕೆ ಸರಿಯಾದ ಗಳಿಗೆಯಲ್ಲಿ ಕಿಡಿ ಹಾರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಂಜಿನ್ನು ನಿಲ್ಲುತ್ತದೆ. ಆದ್ದರಿಂದ ದೋಷ ಹುಡುಕುವುದೆಂದರೆ ನಾಲ್ಕು ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ನೋಡುವ ಕೆಲಸ. ನಾಲ್ಕನ್ನೂ ಒಟ್ಟಿಗೆ ಒದ್ದರೆ ಯಾವುದು ತೆರೆಯಿತೆಂದೇ ತಿಳಿಯುವುದಿಲ್ಲ. ಆ ಬೆಳಿಗ್ಗೆ ಯಜಮಾನ ಮಾಡಿದ್ದು ಅದನ್ನೇ.

ಶಾಲೆಯ ಪ್ರಯೋಗಗಳಲ್ಲಿ ಇದೇ ನಿಯಮ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಗಿಡಕ್ಕೆ ಬೆಳಕು ಬೇಕೇ ಎಂದು ಪರೀಕ್ಷಿಸುವಾಗ ನೀರನ್ನೂ ನಿಲ್ಲಿಸಿಬಿಟ್ಟರೆ ಗಿಡ ಬಾಡಿದ್ದು ಯಾವುದರಿಂದ ಎಂದು ಹೇಳುವುದು ಹೇಗೆ?

ಈ ಪ್ರಕರಣದಲ್ಲಿ ಒಂದು ಸುಳಿವು ಕಣ್ಣೆದುರೇ ಇತ್ತು. ಹತ್ತು ನಿಮಿಷ ಚೆನ್ನಾಗಿ ಓಡುವ ಎಂಜಿನ್ನಿನಲ್ಲಿ ನಾಲ್ಕೂ ಇವೆ ಎಂದಾಯಿತು. ಹತ್ತು ನಿಮಿಷದ ನಂತರ ಯಾವುದೋ ಒಂದು ಕಡಿಮೆಯಾಗುತ್ತದೆ. ಅರ್ಧ ಗಂಟೆಯಲ್ಲಿ ತಾನಾಗಿ ಮರಳುತ್ತದೆ. ಪಕ್ಕದ ಮನೆಯವರ ಊಹೆ ತಪ್ಪೆನ್ನಲಾಗದು. ಕಿಡಿ ಹುಟ್ಟಿಸುವ ಕಾಯಿಲ್ ಹಳತಾದಾಗ ಬಿಸಿಗೆ ಸೋತು, ತಣಿದ ಮೇಲೆ ಮತ್ತೆ ಕೆಲಸ ಮಾಡುವುದುಂಟು. ಆದರೆ ಊಹೆಗೂ ತೀರ್ಪಿಗೂ ನಡುವೆ ಒಂದು ಪರೀಕ್ಷೆ ಇರಬೇಕು.

ಪರೀಕ್ಷೆ ಸುಲಭ. ಮಷೀನು ನಿಂತ ಕೂಡಲೇ ಪ್ಲಗ್ ಬಿಚ್ಚಿ ಅದರ ತುದಿ ನೋಡಬೇಕು. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬಂದಿದೆ, ಉರಿದಿಲ್ಲ. ಕಿಡಿಯ ಮೇಲೆ ಅನುಮಾನ ಪಡಬಹುದು. ತುದಿ ಒಣಗಿದ್ದರೆ ಇಂಧನವೇ ಬಂದಿಲ್ಲ. ನಂತರ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಹಿಡಿಗೆ ಪ್ಲಾಸ್ಟಿಕ್ ಹೊದಿಕೆ ಇರುವ ಇಕ್ಕಳದಿಂದ ಹಿಡಿದು, ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಇದನ್ನು ದೊಡ್ಡವರೇ ಮಾಡಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ದೂರದಲ್ಲಿ, ಪೆಟ್ರೋಲ್ ಚೆಲ್ಲಿಲ್ಲವೆಂದು ಖಚಿತವಾದ ಮೇಲೆ ಮಾಡಬೇಕು.

ಮಧ್ಯಾಹ್ನ ಮಷೀನು ನಿಂತಾಗ ಅಪ್ಪ ಹಾಗೇ ಮಾಡಿ ನೋಡಿದ. ಎಂಜಿನ್ನು ಸುಡುತ್ತಿತ್ತು, ಆದರೂ ಕಿಡಿ ನೀಲಿಯಾಗಿ ಹಾರಿತು. ಪ್ಲಗ್ಗಿನ ತುದಿ ಮಾತ್ರ ಕಟಕಟ ಒಣಗಿತ್ತು. ಅಂದರೆ ಕಾಯಿಲ್ ನಿರಪರಾಧಿ. ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧದಷ್ಟಿದೆ. ಎಂಜಿನ್ನಿಗೆ ಮಾತ್ರ ತಲುಪುತ್ತಿಲ್ಲ. ಯಾಕೆ?

ಅಡುಗೆಮನೆಯಲ್ಲಿ ಸಿಕ್ಕ ಉತ್ತರ

ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಸಂಜೆ ಹೊಸ ಎಣ್ಣೆ ಡಬ್ಬಿ ಒಡೆಯಬೇಕಿತ್ತು. ಮಗಳು ತಗಡಿನ ಡಬ್ಬಿಯ ಒಂದು ಮೂಲೆಗೆ ಮೊಳೆ ಹೊಡೆದು ಬಗ್ಗಿಸಿದಳು. ಎಣ್ಣೆ ಒಂದಿಷ್ಟು ಬಂತು, ನಿಂತಿತು, ‘ಗೊಳಕ್’ ಎಂದಿತು, ಮತ್ತೆ ಒಂದಿಷ್ಟು ಬಂತು.

ಅಜ್ಜಿ ನಕ್ಕರು. “ಒಂದೇ ತೂತು ಹೊಡೆದ್ರೆ ಎಣ್ಣೆ ಹೇಗೆ ಬರುತ್ತೆ ಮಗಾ? ಆಚೆ ಮೂಲೆಗೆ ಇನ್ನೊಂದು ಹೊಡಿ. ಗಾಳಿ ಒಳಗೆ ಹೋದ್ರಲ್ವಾ ಎಣ್ಣೆ ಹೊರಗೆ ಬರೋದು?”

ಎರಡನೇ ತೂತು ಬಿದ್ದಿತು. ಎಣ್ಣೆ ದಾರದಂತೆ ಇಳಿಯಿತು. ಹುಡುಗಿ ಡಬ್ಬಿ ಇಳಿಸಿ ಕೊಟ್ಟಿಗೆಗೆ ಓಡಿದಳು.

“ಅಪ್ಪಾ, ಮಷೀನಿನ ಟ್ಯಾಂಕಿಗೆ ಎರಡನೇ ತೂತು ಎಲ್ಲಿದೆ?”

ಭೂಮಿಯ ಸುತ್ತಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಒತ್ತಡ ಹೇರುತ್ತದೆ. ಇಟಲಿಯ ಟೊರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ್ದು ಈ ಒತ್ತಡವನ್ನೇ. ಎಳನೀರನ್ನು ಕೊಳವೆಯಿಂದ ಹೀರುವಾಗ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಬಾಯಿ ಮಾಡುವುದು ಒಳಗಿನ ಒತ್ತಡ ಇಳಿಸುವ ಕೆಲಸವನ್ನಷ್ಟೇ. ಎಂಜಿನ್ನಿನ ಪುಟ್ಟ ಪಂಪು ಪೆಟ್ರೋಲನ್ನು ಎಳೆದುಕೊಳ್ಳುವುದೂ ಹೀಗೆಯೇ. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟೂ ಆ ಜಾಗಕ್ಕೆ ಹೊರಗಿನಿಂದ ಗಾಳಿ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗಿನ ಒತ್ತಡ ಇಳಿಯುತ್ತಾ ಹೋಗಿ, ಕೊನೆಗೆ ಪಂಪಿನ ಎಳೆತಕ್ಕೂ ಒಳಗಿನ ಎಳೆತಕ್ಕೂ ಸಮನಾಗಿ, ಪೆಟ್ರೋಲ್ ಬರುವುದೇ ನಿಲ್ಲುತ್ತದೆ.

ಇದಕ್ಕೆಂದೇ ಟ್ಯಾಂಕಿನ ಮುಚ್ಚಳದಲ್ಲಿ ಕಣ್ಣಿಗೆ ಕಾಣದಷ್ಟು ಕಿರಿದಾದ ಗಾಳಿದಾರಿ ಇರುತ್ತದೆ. ಕೆಲವು ಯಂತ್ರಗಳಲ್ಲಿ ಅದು ಟ್ಯಾಂಕಿಗೆ ಸೇರಿದ ಪುಟ್ಟ ಕೊಳವೆಯಲ್ಲಿರುತ್ತದೆ. ಯಂತ್ರ ಓರೆಯಾದರೆ ಪೆಟ್ರೋಲ್ ಸೋರಬಾರದು, ಗಾಳಿ ಮಾತ್ರ ಒಳಗೆ ಬರಬೇಕು ಎಂದು ಅಲ್ಲಿ ಒಮ್ಮುಖದ ಕವಾಟವನ್ನೂ ಕೂರಿಸಿರುತ್ತಾರೆ. ಮಣ್ಣು, ಹುಲ್ಲಿನ ರಸ, ಎಣ್ಣೆಯ ಜಿಡ್ಡು ಸೇರಿ ಈ ದಾರಿ ಕಟ್ಟಿಕೊಂಡರೆ? ಹತ್ತು ನಿಮಿಷದ ಓಟ. ಅರ್ಧ ಗಂಟೆ ಬಿಟ್ಟಾಗ ಕಟ್ಟಿದ ದಾರಿಯಲ್ಲೇ ಗಾಳಿ ತಡೆತಡೆದು ಒಳಗೆ ಸೇರುತ್ತದೆ, ಮಷೀನು ಮತ್ತೆ ಏಳುತ್ತದೆ.

ಮರುದಿನ ಬೆಳಿಗ್ಗೆ ಪರೀಕ್ಷೆ ನಡೆಯಿತು. ಮಷೀನು ನಿಂತಿತು. ಬಿಸಿ ಎಂಜಿನ್ನಿನ ಹತ್ತಿರ ಮುಚ್ಚಳ ತೆಗೆಯಬಾರದು. ಆದ್ದರಿಂದ ಹತ್ತು ನಿಮಿಷ ತಣಿಯಲು ಬಿಟ್ಟು ಅಪ್ಪ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದ. ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳ ಮತ್ತೆ ಹಾಕಿ ಹಗ್ಗ ಎಳೆದರೆ ಮಷೀನು ಕೂಡಲೇ ಎದ್ದಿತು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಎರಡನೇ ಸಲವೂ ಹಾಗೇ. ಇನ್ನು ಅನುಮಾನವಿರಲಿಲ್ಲ. ಮುಚ್ಚಳವನ್ನು ತೊಳೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸೈಕಲ್ ಪಂಪಿನಿಂದ ಗಾಳಿ ಊದಲಾಯಿತು. ತಂತಿ ಚುಚ್ಚಲಿಲ್ಲ, ಚುಚ್ಚಿದರೆ ಒಳಗಿನ ರಬ್ಬರ್ ಕವಾಟ ಹರಿಯುತ್ತದೆ. ಆ ದಿನ ಮಷೀನು ಒಂದು ಟ್ಯಾಂಕು ಖಾಲಿಯಾಗುವವರೆಗೂ ನಿಲ್ಲಲಿಲ್ಲ.

ಅಲ್ಲಿ ನೋಡಿದ್ದು ಇಲ್ಲಿಗೆ

ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆಗೆ ಹೊತ್ತು ತರುವುದು ಹೊಸದೇನಲ್ಲ. ಹುಲ್ಲು ಕತ್ತರಿಸುವ ಯಂತ್ರಗಳ ಚರಿತ್ರೆಯೇ ಹಾಗಿದೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಹುಲ್ಲುಹಾಸು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ಅವನಿಗೆ ಆ ಉಪಾಯ ಹೊಳೆದಿತ್ತು. ಅಮೆರಿಕದ ಹೂಸ್ಟನ್ ನಗರದ ಜಾರ್ಜ್ ಬಲ್ಲಾಸ್ 1971ರಲ್ಲಿ ಕಾರು ತೊಳೆಯುವ ಕಡೆ ಗಿರಗಿರ ತಿರುಗುವ ಬ್ರಷ್ಷುಗಳನ್ನು ಕಂಡ. ಮನೆಗೆ ಬಂದು ಜೋಳದ ಅರಳಿನ ಖಾಲಿ ಡಬ್ಬಿಗೆ ಮೀನು ಹಿಡಿಯುವ ದಾರ ಕಟ್ಟಿ ತಿರುಗಿಸಿದ, ಹುಲ್ಲು ಕತ್ತರಿಸಿತು. ಇಂದು ಅಡಿಕೆ ತೋಟಗಳಲ್ಲಿ ಅಲಗಿನ ಬದಲು ಸಿಕ್ಕಿಸುವ ನೈಲಾನ್ ದಾರದ ತಲೆಯ ಮೂಲ ಇದೇ. ಮೆತ್ತಗಿನ ದಾರ ವೇಗವಾಗಿ ತಿರುಗಿದಾಗ ಬಿಗಿಯಾಗಿ ನೆಟ್ಟಗಾಗುತ್ತದೆ. ಹುಲ್ಲನ್ನು ಕಡಿಯುತ್ತದೆ, ಕಲ್ಲಿಗೆ ತಾಗಿದರೆ ತಾನೇ ಸವೆಯುತ್ತದೆ.

ಕೆಡುವ ಮುಂಚೆ

ರಿಪೇರಿಗಿಂತ ಅಗ್ಗವಾದದ್ದು ಆರೈಕೆ. ಈ ಮಷೀನುಗಳಲ್ಲಿ ಬಹಳಷ್ಟು ಟೂ ಸ್ಟ್ರೋಕ್ ಎಂಜಿನ್ನಿನವು. ಕಾರಿನ ಎಂಜಿನ್ನಿನಲ್ಲಿರುವಂತೆ ಇವುಗಳಲ್ಲಿ ಎಣ್ಣೆ ತುಂಬಿಡುವ ಬೇರೆ ಜಾಗವಿಲ್ಲ. ಪೆಟ್ರೋಲ್ ಮಿಶ್ರಣ ಪಿಸ್ಟನ್ನಿನ ಕೆಳಗಿನ ಕೋಣೆಯನ್ನು ಹಾದೇ ಮೇಲೆ ಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಬೇರಿಂಗು, ಪಿಸ್ಟನ್ನುಗಳಿಗೆ ಜಾರುವ ಗುಣ ಕೊಡಬೇಕು. ಎಣ್ಣೆ ಮರೆತು ಬರೀ ಪೆಟ್ರೋಲ್ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಮೆಕ್ಯಾನಿಕ್ಕುಗಳು ಇದಕ್ಕೆ ‘ಸೀಜ್’ ಎನ್ನುತ್ತಾರೆ. ಆಮೇಲೆ ಆಗುವ ಖರ್ಚು ಸಣ್ಣದಲ್ಲ.

ಲೆಕ್ಕ ಆರನೇ ತರಗತಿಯದು. ಯಂತ್ರದ ಪುಸ್ತಿಕೆಯಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 1000 ಭಾಗಿಸು 50, ಅಂದರೆ 20 ಮಿಲಿಲೀಟರ್ ಎಣ್ಣೆ. 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಅಂದಾಜಿನಲ್ಲಿ ಸುರಿಯದೆ ಔಷಧಿ ಅಳೆಯುವ ಮುಚ್ಚಳದಲ್ಲಿ ಅಳೆಯಬೇಕು. ಹೆಚ್ಚಾದರೂ ತೊಂದರೆಯೇ: ಹೊಗೆ ಏಳುತ್ತದೆ, ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಫೋರ್ ಸ್ಟ್ರೋಕ್ ಮಷೀನಾದರೆ ಎಣ್ಣೆಗೆ ಬೇರೆ ಜಾಗವಿದೆ. ಅದರ ಪೆಟ್ರೋಲಿಗೆ ಎಣ್ಣೆ ಬೆರೆಸಬಾರದು. ಮನೆಯಲ್ಲಿ ಎರಡು ಬಗೆಯ ಯಂತ್ರಗಳಿದ್ದರೆ ಕ್ಯಾನುಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು.

ಇನ್ನೊಂದು ಶತ್ರು ಹಳೆಯ ಪೆಟ್ರೋಲ್. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಶೇಕಡಾ 20ರಷ್ಟು ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಎಥನಾಲಿಗೆ ನೀರೆಂದರೆ ಇಷ್ಟ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲಿಗೆ ನೀರು ಹೆಚ್ಚು ಸೇರಿದರೆ ನೀರು ಮತ್ತು ಎಥನಾಲ್ ಜೊತೆಯಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಣ್ಣೆ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಎಂಜಿನ್ನು ಹೀರುವುದು ತಳದಿಂದ! ಇನ್ನು ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಉಳಿದ ಅಂಟು ಕಾರ್ಬ್ಯುರೇಟರಿನ ಸೂಜಿಮೊನೆಯಷ್ಟು ಕಿರಿದಾದ ತೂತುಗಳನ್ನು ಮುಚ್ಚುತ್ತದೆ. ಆದ್ದರಿಂದ ಹಂಗಾಮು ಮುಗಿದ ದಿನ ಟ್ಯಾಂಕು ಖಾಲಿ ಮಾಡಿ, ಉಳಿದ ಹನಿ ಉರಿದು ತಾನಾಗಿ ನಿಲ್ಲುವವರೆಗೆ ಎಂಜಿನ್ನು ಓಡಿಸಿ ಒಣಗಿದ ಜಾಗದಲ್ಲಿ ತೂಗುಹಾಕಬೇಕು.

ಉಳಿದದ್ದು ಚಿಕ್ಕ ಕೆಲಸಗಳು. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದ್ದಿದ್ದರೆ ಎಂಜಿನ್ನು ಆರೋಗ್ಯವಾಗಿದೆ. ಕಪ್ಪು ಮಸಿ ಕಟ್ಟಿದ್ದರೆ ಗಾಳಿ ಕಡಿಮೆ ಅಥವಾ ಎಣ್ಣೆ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ನು ಅತಿಯಾಗಿ ಕಾಯುತ್ತಿದೆ. ಪ್ಲಗ್ಗಿನ ಸಂದು ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರ್ ಇರಬೇಕು. ಅಲಗಿನ ಮೇಲಿನ ಗೇರ್ ಪೆಟ್ಟಿಗೆಗೆ ಪುಸ್ತಿಕೆ ಹೇಳಿದಷ್ಟು ಗಂಟೆಗೊಮ್ಮೆ ಗ್ರೀಸ್ ತುಂಬಬೇಕು. ಬಿಚ್ಚಿದ ಸ್ಕ್ರೂಗಳನ್ನು ಒಂದು ಅಡಿಕೆ ಹಾಳೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟರೆ, ಹಿಂದಿನಿಂದ ಒಂದೊಂದಾಗಿ ಹಾಕುತ್ತಾ ಬರಬಹುದು. ಕೊನೆಗೆ ಕೈಯಲ್ಲಿ ಒಂದು ಸ್ಕ್ರೂ ಉಳಿಯುವುದಿಲ್ಲ.

ಐದು ಗ್ರಾಂ ಕೊಡುವ ಎಳೆತ

ಅಲಗಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಅಲಗು ಮುಟ್ಟುವ ಮುಂಚೆ ಪ್ಲಗ್ಗಿನ ಕ್ಯಾಪ್ ಕಿತ್ತಿರಲೇಬೇಕು. ಅಲಗಿನ ನಟ್ಟು ಬಹುಪಾಲು ಎಡಮರೆಯದು. ತಿರುಗುವಾಗ ತಾನಾಗಿ ಸಡಿಲವಾಗಬಾರದೆಂದು ಹಾಗೆ ಮಾಡಿರುತ್ತಾರೆ. ಇದು ತಿಳಿಯದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿ ಮರೆ ಕೆಡಿಸಿಕೊಂಡವರಿದ್ದಾರೆ.

ಅಲಗನ್ನು ಮನೆಯಲ್ಲಿ ಅರದಿಂದ ಮಸೆಯುವಾಗ ಎಲ್ಲ ಹಲ್ಲುಗಳನ್ನೂ ಸಮನಾಗಿ ಮಸೆಯಬೇಕು. ಒಂದು ಬದಿ ಐದು ಗ್ರಾಂ ಹಗುರವಾದರೆ ಏನಾದೀತು ಎಂದು ಕೇಳಬಹುದು. ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಅಲಗು ನಿಮಿಷಕ್ಕೆ 6000 ಸುತ್ತು, ಅಂದರೆ ಸೆಕೆಂಡಿಗೆ 100 ಸುತ್ತು ತಿರುಗುತ್ತಿದೆಯೆನ್ನೋಣ. ಕೇಂದ್ರದಿಂದ 10 ಸೆಂಟಿಮೀಟರ್ ದೂರದಲ್ಲಿ 5 ಗ್ರಾಂ ವ್ಯತ್ಯಾಸವಿದ್ದರೆ ಅದು ಕೊಡುವ ಎಳೆತ ಸುಮಾರು 197 ನ್ಯೂಟನ್. ಅದು 20 ಕಿಲೋಗ್ರಾಂ ಅಕ್ಕಿ ಮೂಟೆಯ ಭಾರಕ್ಕೆ ಸಮ! ಆ ಮೂಟೆ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸಿ ಎಳೆಯುತ್ತಿದ್ದರೆ ಬೇರಿಂಗಿನ ಗತಿಯೇನು, ಹಿಡಿದವನ ಕೈಯ ಗತಿಯೇನು? ಮಸೆದ ಅಲಗಿನ ನಡುತೂತನ್ನು ಗೋಡೆಗೆ ಹೊಡೆದ ನುಣುಪಾದ ಮೊಳೆಗೆ ಸಿಕ್ಕಿಸಿ ನೋಡಬೇಕು. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬರುತ್ತಿದ್ದರೆ ಆ ಬದಿ ಭಾರ. ಬಿರುಕು ಬಿಟ್ಟ ಅಲಗನ್ನು ಬೆಸುಗೆ ಹಾಕಿಸಿ ಬಳಸುವ ಉಳಿತಾಯ ಬೇಡ, ಎಸೆಯುವುದೇ ಸರಿ.

25 ಸೆಂಟಿಮೀಟರ್ ಅಗಲದ ಅಲಗಿನ ತುದಿ ಅದೇ ಸುತ್ತಿಗೆ ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಹೋಗುತ್ತದೆ. ಅದಕ್ಕೆ ಸಿಕ್ಕ ಕಲ್ಲು ಎತ್ತ ಹಾರುತ್ತದೆಂದು ಹೇಳಲಾಗದು. ಯಂತ್ರ ಓಡುವಾಗ ಮಕ್ಕಳು, ದನಕರುಗಳು 15 ಮೀಟರ್ ಆಚೆ ಇರಬೇಕು. ಓಡಿಸುವವರಿಗೆ ಕಣ್ಣಿನ ರಕ್ಷಣೆ, ಗಟ್ಟಿ ಬೂಟು ಇರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಬೆಂಕಿಯನ್ನು ಮುಟ್ಟಬಲ್ಲದು. ಬಚ್ಚಲೊಲೆ ಉರಿಯುವ ಗೋಡೆಯ ಪಕ್ಕ ಪೆಟ್ರೋಲ್ ಕ್ಯಾನು ಇಡಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ನು ಓಡಿಸಲೂಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಕೊಲ್ಲುತ್ತದೆ.

ಕೊನೆಗಾರ ಹೇಳಿದ ದಿನವೇ ಬಂದ. ತೋಟ ಸವರಿ ಮುಗಿದಿತ್ತು. ಕೊಟ್ಟಿಗೆಯ ಹಲಗೆಯ ಮೇಲೆ ಈಗ ನೂರು ಪುಟದ ಒಂದು ನೋಟುಪುಸ್ತಕ ಇದೆ. ತಾರೀಖು, ಮಷೀನಿನ ದೋಷ, ಬದಲಿಸಿದ್ದೇನು, ಆದದ್ದೇನು ಎಂದು ನಾಲ್ಕು ಗೀಟು ಎಳೆದಿದೆ. ಮೊದಲ ಸಾಲು ಮಗಳ ದುಂಡು ಅಕ್ಷರದಲ್ಲಿದೆ: “ಮುಚ್ಚಳದ ಗಾಳಿದಾರಿ ಕಟ್ಟಿತ್ತು. ಕಾಯಿಲ್ ಸರಿ ಇದೆ.”

ಮುಂದಿನ ಭಾನುವಾರ ಅಪ್ಪ ಕೊಟ್ಟಿಗೆಯಿಂದಲೇ ಕೂಗಿದ: “ಮಗಾ, ಗೇರಿಗೆ ಗ್ರೀಸ್ ಹಾಕ್ಬೇಕು. ನಿನ್ನ ಪುಸ್ತಕ ತಗೊಂಡು ಬಾ.”

ಮಾಡಿ ನೋಡಲು: ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ಬದಿಗೆ ಸೂಜಿಯಿಂದ ಒಂದೇ ತೂತು ಮಾಡಿ, ತುಂಬ ನೀರು ಹಾಕಿ ಮುಚ್ಚಳ ಬಿಗಿಯಬೇಕು. ನೀರು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಹರಿಯುತ್ತದೆ. ಮುಚ್ಚಳಕ್ಕೇ ಒಂದು ಸೂಜಿ ತೂತು ಮಾಡಿ, ಅದನ್ನು ಬೆರಳಿನಿಂದ ಮುಚ್ಚಿ ತೆರೆದು ನೋಡಬಹುದು.

ಯೋಚಿಸಲು: ಮೇಲಿನ ಅಲಗು ನಿಮಿಷಕ್ಕೆ 6000ದ ಬದಲು 3000 ಸುತ್ತು ತಿರುಗಿದರೆ 5 ಗ್ರಾಂ ವ್ಯತ್ಯಾಸದ ಎಳೆತ ಎಷ್ಟು? ಅರ್ಧವಲ್ಲ, ಕಾಲುಭಾಗ. ಯಾಕೆಂದು ವಿಜ್ಞಾನದ ಮೇಷ್ಟ್ರನ್ನು ಕೇಳುವ ಮುಂಚೆ ಮನೆಯಲ್ಲೇ ಒಮ್ಮೆ ಲೆಕ್ಕ ಹಾಕಿ ನೋಡಬಹುದು.